ಭಾನುವಾರ ವ್ಯಾನು ತರಬೇಡ

ಚೊಲೂಲಾ,
ಮೇ ೧೩, ಬುಧವಾರ

ನನ್ನ ಮುದ್ದು ನಿವೆಸ್,

ನಿನ್ನಮ್ಮನ ನೂರು ಮುತ್ತುಗಳು. ನನ್ನ ಮಂಡಿ ನೋವು ಹಾಗೇ ಇದೆ, ಟರ್ಕಿ ಕೋಳಿಗಳು ಚೆನ್ನಾಗಿವೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ವರ್ಷ ನಮ್ಮ ಕೇರಿಯ ಇಗರ್ಜಿಯ ಸಂತ ಕಿತೆರಿಯಾ ತಾಯಿಯ ಸೇವೆ ನಮ್ಮ ಮನೆಯ ಪಾಲಿಗೆ ಬಂದಿದೆಯಲ್ಲ, ಬೆಳಗಾದರೆ ಮನೆ ತುಂಬ ಜನ, ಎಲ್ಲರ ಕಿವಿಯೂ ನನ್ನ ಮೇಲೆ. ಅದಕ್ಕೇ ನೀನಿರುವ ಪುಯೆಬ್ಲಾಕ್ಕೆ ಬ್ರೆಡ್ ಮಾರಲು ಬರುವ ನಮ್ಮ ಪಕ್ಕದ ಮನೆಯ ಚೋಲೆಯ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಓದಿದ ಮೇಲೆ ಹರಿದು ಹಾಕು.

ಭಾನುವಾರ ನಿಮ್ಮ ಮ್ಯೂಸಿಯಂನ ವ್ಯಾನಿನಲ್ಲಿ ಇಬ್ಬರು ತಜ್ಞರನ್ನು ಕರೆತಂದು, ತಾಯಿಯ ಮೂರ್ತಿಯನ್ನು ಪ್ರದರ್ಶನಕ್ಕೆ ಒಯ್ಯಬಹುದೇ ಎಂದು ನೋಡುತ್ತೇನೆ ಎಂದಿದ್ದೀಯ. ಬರಬೇಡ. ಆ ದೊಡ್ಡ ಮನುಷ್ಯರಿಗೆ ತೋರಿಸಲು ನಮ್ಮೂರಿನಲ್ಲಿ ಬೇರೇನೂ ಇಲ್ಲವೇ? ಪಿರಮಿಡ್ಡಿನ ಮೇಲಿನ ಇಗರ್ಜಿಗೆ ಹತ್ತಿಸು, ಅರ್ಧ ದಾರಿಗೇ ಏದುಸಿರು ಬಂದು ಅವರ ಮಾತು ಕಡಿಮೆಯಾಗುತ್ತದೆ. ಸಾಲು ಗುಮ್ಮಟಗಳ ಆ ದೊಡ್ಡ ಪ್ರಾರ್ಥನಾ ಮಂದಿರ ತೋರಿಸು. ತೊನಾಂತ್ಸಿಂತ್ಲಾದ ಇಗರ್ಜಿಯ ಗಾರೆಯ ದೇವದೂತರನ್ನು ನೋಡುತ್ತ ಕತ್ತು ಉಳುಕಿಸಿಕೊಳ್ಳಲಿ. ಮಧ್ಯಾಹ್ನ ಹೊಟ್ಟೆ ತುಂಬ ಮೋಲೆ ಸಾರು ಉಣ್ಣಿಸಿ, ಪುಯೆಬ್ಲಾದ ಹಳೆಯ ಪುಸ್ತಕ ಭಂಡಾರಕ್ಕೆ ಕರೆದುಕೊಂಡು ಹೋಗು. ನಮ್ಮ ಕೇರಿಯ ಕಡೆ ಮಾತ್ರ ವ್ಯಾನು ತಿರುಗಿಸಬೇಡ.

ನನಗೆ ಭಯವಾಗಿದೆ, ಮಗಳೇ.

ಹೋದ ವಾರ ಇಬ್ಬರು ಕಾಲೇಜು ಹುಡುಗರು ಬಂದು ನಮ್ಮ ಇಗರ್ಜಿಯ ಬಾಗಿಲಿನ ಕೆತ್ತನೆಯ ಫೋಟೊ ತೆಗೆಯುತ್ತಿದ್ದರು. ಅವರ ಕಾರಿನ ಹಿಂಭಾಗದಲ್ಲಿ ಕಂಬಳಿ ಸುತ್ತಿದ ಉದ್ದನೆಯದೇನೋ ಯಾರದೋ ಕಣ್ಣಿಗೆ ಬಿತ್ತು. ಗಂಟೆ ಹೊಡೆದೇ ಬಿಟ್ಟರು. ನಮ್ಮ ಗಂಟೆ ಬಿಡುವಿಲ್ಲದೆ ಬಡಿದುಕೊಂಡರೆ ಏನರ್ಥವೆಂದು ನಿನಗೆ ಗೊತ್ತು: ತಾಯಿಯನ್ನು ಯಾರೋ ಕದಿಯುತ್ತಿದ್ದಾರೆ. ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಎಲ್ಲರೂ ಓಡಿದರು. ನಾನೂ ಓಡಿದೆ, ಕೈಯಲ್ಲಿ ಅರೆಯುವ ಗುಂಡುಕಲ್ಲು. ಬೇರೆಯವರಿಗಿಂತ ನಾನೇನೂ ಕಡಿಮೆ ಕೂಗಲಿಲ್ಲ.

ಕೇರಿಯ ಯಜಮಾನ ಫಿಲೆಮೋನ್ ಒಬ್ಬನ ಕೊರಳಪಟ್ಟಿ ಹಿಡಿದು, "ಯಾರ್ ಕಳ್ಸಿದ್ದು, ಬೊಗಳೋ" ಎನ್ನುತ್ತಿದ್ದ. ಆ ಹುಡುಗ, "ಅದು ಕ್ಯಾಮೆರಾ ಇಡೋ ಸ್ಟ್ಯಾಂಡು ಅಣ್ಣಾ, ಬಿಚ್ಚಿ ನೋಡಿ" ಎಂದು ಅಳುತ್ತಲೇ ಇದ್ದ. ಬಿಚ್ಚಿ ನೋಡುವ ವ್ಯವಧಾನ ಯಾರಿಗಿತ್ತು? ಅಷ್ಟರಲ್ಲಿ ಪೆಟ್ರೋಲಿನ ಡಬ್ಬ ಬಂತು. ಕೊನೆಗೆ ಚೋಲೆ, "ಸುಡೋಕ್ ಮುಂಚೆ ಒಳಗ್ ಹೋಗಿ, ತಾಯಿ ಇದಾಳೋ ಇಲ್ವೋ ಅಂತಾದ್ರೂ ನೋಡ್ಬಾರ್ದೇನ್ರೋ" ಎಂದಳು. ನಾನು ಬೀಗ ತೆಗೆದೆ. ತಾಯಿ ತನ್ನ ಜಾಗದಲ್ಲೇ ನಿಂತಿದ್ದಳು. ಹುಡುಗರನ್ನು ಬಿಟ್ಟರು, ಕಾರನ್ನು ಸುಟ್ಟರು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಇವರು ರಾಕ್ಷಸರಲ್ಲ. ನಿನ್ನ ನಾಮಕರಣದ ಊಟಕ್ಕೆ ಫಿಲೆಮೋನ್ ಎರಡು ಟರ್ಕಿ ಕೊಟ್ಟಿದ್ದ. ಆದರೆ ನಮ್ಮ ಮರದ ದೇವದೂತನನ್ನು ರಿಪೇರಿಗೆಂದು ಒಯ್ದವರು ತಿರುಗಿ ತರಲೇ ಇಲ್ಲವಲ್ಲ. ಈಗ ಅವನು ಬೇರೊಂದು ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿದ್ದಾನೆ, ಪಕ್ಕದಲ್ಲಿ ‘ಮೂಲ ತಿಳಿದಿಲ್ಲ’ ಎಂಬ ಚೀಟಿ. ವರ್ಷಕ್ಕೊಮ್ಮೆ ಟಿಕೆಟ್ ಕೊಂಡು ಹೋಗಿ ಅವನೆದುರು ನಿಂತು ಬರುತ್ತೇನೆ. ಹೋದ ಸಲ ಕಾವಲಿನವನು, "ಗಾಜು ಮುಟ್ಬೇಡಿ ಅಜ್ಜಿ" ಎಂದ. ನನಗೆ ಅಳುವೇ ಬಂತು. ನಮ್ಮವರಿಗೆ ಮ್ಯೂಸಿಯಂ ಎಂದರೆ ಇಷ್ಟೇ. ನೀನು ಅಂಥವಳಲ್ಲ, ವಾಪಸ್ ಕೊಡುತ್ತೇವೆಂದು ಕಾಗದ ಬರೆದುಕೊಡುತ್ತೀಯ, ನನಗೆ ಗೊತ್ತು. ಗಂಟೆ ಹೊಡೆದ ಮೇಲೆ ಆ ಕಾಗದ ಓದುವವರು ಯಾರು?

ಅಮ್ಮ ಇದ್ದಾಳಲ್ಲ ಎಂಬ ಧೈರ್ಯ ಬೇಡ. ಕೂದಲು ಗಿಡ್ಡ ಮಾಡಿಸಿಕೊಂಡಿದ್ದೀಯ, ಕನ್ನಡಕ ಬಂದಿದೆ, ಈಗಿನ ಹುಡುಗರಿಗೆ ನಿನ್ನ ಗುರುತೇ ಇಲ್ಲ. ನನ್ನ ಮಗಳು, ನನ್ನ ಮಗಳು ಎಂದು ನಾನು ಅರಚಿಕೊಂಡರೂ ಆ ಗದ್ದಲದಲ್ಲಿ ಕೇಳಿಸುವುದಿಲ್ಲ. ಕೆಲಸ ಹೋದರೆ ಹೋಗಲಿ. ಮನೆಗೆ ಬಂದುಬಿಡು, ಇಬ್ಬರೂ ತೊರ್ತಿಯಾ ತಟ್ಟಿಕೊಂಡು ಬದುಕೋಣ. ಆದರೆ ಈ ಭಾನುವಾರ ಮಾತ್ರ ಬೇಡ.

ನಿನ್ನ ದಾರಿ ನೋಡಲು ಇದೇ ಮೊದಲ ಬಾರಿಗೆ ಹೆದರುತ್ತಿರುವ,
ನಿನ್ನ ಅಮ್ಮ
ಎರ್ಮೆಲಿಂದಾ

ತಾ.ಕ.: ಇದನ್ನು ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಆ ಗಲಾಟೆಯ ನಂತರ, ಗಂಟೆಯ ಹಗ್ಗ ಸೇವೆಯ ಮನೆಯವರ ಕೈಯಲ್ಲೇ ಇರಬೇಕೆಂದು ತೀರ್ಮಾನವಾಗಿದೆ, ಅಂದರೆ ನನ್ನ ಕೈಯಲ್ಲಿ. ಮೂರ್ತಿ ಕೇಳಿ ಕೇರಿಗೆ ಬಂದ ಮ್ಯೂಸಿಯಂ ಪತ್ರಕ್ಕೆ ಸಹಿ ಹಾಕಿದವಳು ನೀನೆಂದು ನಿನ್ನೆ ಅವರಿಗೆ ತಿಳಿಯಿತು. ಫಿಲೆಮೋನ್ ಸಭೆಯಲ್ಲಿ ಎಲ್ಲರೆದುರು, "ನಿನ್ ಮಗಳೇ ಬಂದ್ರೂ ಗಂಟೆ ಹೊಡಿತೀಯೇನಕ್ಕಾ?" ಎಂದು ಕೇಳಿದ. ಇಲ್ಲವೆಂದಿದ್ದರೆ ಹಗ್ಗ ಆಗಲೇ ಬೇರೆಯವರ ಕೈ ಸೇರುತ್ತಿತ್ತು. ಹೊಡೆಯುತ್ತೇನೆಂದು ತಾಯಿಯ ಪಾದ ಮುಟ್ಟಿ ಆಣೆ ಮಾಡಿದ್ದೇನೆ. ಹೊಡೆಯುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ ನಿವೆಸ್. ಗೊತ್ತಾಗುವ ಹಾಗೆ ಮಾಡಬೇಡ.