ಪಟದ ಕೆಳಗಿನ ಖಾಲಿ ಜಾಗ

ಚಾಮರಾಜನಗರ
ಮಂಗಳವಾರ

ಪೂಜ್ಯ ಸಾಲೊಮನ್ ಮೇಷ್ಟ್ರಿಗೆ, ಪಟ ಬರೆಯುವ ಪುಟ್ಟಮಾದುವಿನ ನಮಸ್ಕಾರಗಳು.

ನಿಮ್ಮ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆಂದು ಬರೆದ ಪಟ ಈ ಭಾನುವಾರ ಗುಂಡ್ಲುಪೇಟೆಗೆ ತಲುಪುವುದಿಲ್ಲ, ಕ್ಷಮಿಸಬೇಕು. ಮುಖ ಚೆನ್ನಾಗಿಯೇ ಬಂದಿದೆ. ನೀವು ಬರೆಯುತ್ತಿರುವ ಕಥೆಯಲ್ಲಿ ಸ್ವರ್ಗದ ಬಾಗಿಲು ಕಾಯುವ ಬಂಡೀಪುರದ ಆನೆಯನ್ನೂ ಹಿಂದೆ ನಿಲ್ಲಿಸಿದ್ದೇನೆ. ತಪ್ಪಾಗಿದ್ದು ಪಟದ ಕೆಳಗೆ, ಅಕ್ಷರ ಬರೆಯುವಲ್ಲಿ. ಮೂವತ್ತು ವರ್ಷದಿಂದ ನನ್ನ ಬಳಿ ಬರುವುದೆಲ್ಲ ತೀರಿಕೊಂಡವರ ಫೋಟೋ. ದಣಿದ ಕೈ ತಾನಾಗಿಯೇ 'ಜನನ' ಎಂದು ಬರೆದು, ಪಕ್ಕದಲ್ಲಿ 'ಮರಣ' ಎಂದೂ ಬರೆದುಬಿಟ್ಟಿತು. ನನ್ನ ಹೆಂಡತಿ ನೋಡಿ, "ಅಯ್ಯೋ, ಬದುಕಿರೋರ್ಗೆ ಇದೇನ್ ಬರ್ದುಬುಟ್ರಿ!" ಎಂದು ಹಣೆ ಚಚ್ಚಿಕೊಂಡಳು. ನೀವು ಮೊನ್ನೆಯಷ್ಟೇ ಆಸ್ಪತ್ರೆಯಿಂದ ಬಂದಿರುವುದು ಅವಳಿಗೂ ಗೊತ್ತು.

ಟರ್ಪೆಂಟೈನ್ ಹಾಕಿ ಆ 'ಮರಣ'ವನ್ನು ಒರೆಸಿದ್ದೇನೆ. ಕಣ್ಣು ಮೊದಲಿನಂತಿಲ್ಲ, ಈ ಕೆಲಸವೇ ಸಾಕು ಎನಿಸುತ್ತಿದೆ. ಆದರೆ ಇದೊಂದನ್ನು ಮುಗಿಸಬೇಕು. ಒರೆಸಿದ ಜಾಗವನ್ನು ಹಾಗೇ ಬಿಡಲು ಮನಸ್ಸಾಗುತ್ತಿಲ್ಲ. ನೀವು ಅರ್ಧಕ್ಕೆ ನಿಲ್ಲಿಸಿರುವ ಆ ಆನೆಯ ಕಥೆಗೆ ಹೆಸರಿಟ್ಟಿದ್ದರೆ ತಿಳಿಸಿ, ಅಲ್ಲಿ ಅದನ್ನೇ ಬರೆಯುತ್ತೇನೆ. ಇನ್ನೂ ಇಟ್ಟಿಲ್ಲದಿದ್ದರೆ ಅವಸರವಿಲ್ಲ ಮೇಷ್ಟ್ರೇ, ಕಥೆ ಮುಗಿಯಲಿ. ನಾನು ಕಾಯುತ್ತೇನೆ.

ನಿಮ್ಮ ಕ್ಲಾಸಿನ ಕೊನೆಯ ಬೆಂಚಿನ,
ಪುಟ್ಟಮಾದು