ಅಪ್ಪ ಕಳುಹಿಸಿದ ಸಂದೇಶ

ದುವ್ವಾಡ,
26 ಮೇ 2018

ಅಪ್ಪನಿಗೆ ಅಪೂರ್ವಾಳ ನಮಸ್ಕಾರಗಳು.

ಫೋನಿನಲ್ಲಿ ಹೇಳಲಾರದೆ ಬರೆಯುತ್ತಿದ್ದೇನೆ. ಮಕ್ಕಳನ್ನು ಕದಿಯುವ ಹೆಂಗಸರು ಬಂದಿದ್ದಾರೆಂದು ಹೋದ ವಾರ ನೀವು ವಾಟ್ಸಾಪ್‌ನಲ್ಲಿ ಕಳುಹಿಸಿದ್ದನ್ನು ನಾನು ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದ್ದೆ. ನಿಮ್ಮ ಬ್ಯಾಂಕಿಗೆ ಮೊದಲ ಕಂಪ್ಯೂಟರ್ ಬಂದಾಗ ತೊಡೆಯ ಮೇಲೆ ಕೂರಿಸಿಕೊಂಡು ನನ್ನಿಂದ ಕೀಲಿ ಒತ್ತಿಸಿದವರು ನೀವು. ನೀವು ಕಳುಹಿಸಿದ್ದು ಸುಳ್ಳಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಗುರುವಾರ, ಹಳೆ ಬಟ್ಟೆಗೆ ಪಾತ್ರೆ ಕೊಡುವ ನೂಕರತ್ನಂ ಎಂಬವಳು ಗೇಟಿನ ಬಳಿ ಒಂದು ಮಗುವಿಗೆ ಬಿಸ್ಕತ್ತು ಕೊಟ್ಟಳು. ಜನ ಅದೇ ಸಂದೇಶ ತೋರಿಸಿ ಅವಳಿಗೆ ಹೊಡೆದರು. "ನನಗೂ ಮಕ್ಕಳಿದ್ದಾರಮ್ಮಾ" ಎಂದು ತೆಲುಗಿನಲ್ಲಿ ಅಳುತ್ತಾ ನನಗೆ ಕೈಮುಗಿದಳು. ನಾನು ಬಾಯಿ ಬಿಡುವಷ್ಟರಲ್ಲಿ ಅವಳ ಕೈ ಮುರಿದಿತ್ತು.

ಆಸ್ಪತ್ರೆಗೆ ಎರಡು ಹೊತ್ತೂ ಊಟ ಒಯ್ಯುತ್ತಿದ್ದೇನೆ. "ನಿನ್ನ ಹೊಟ್ಟೆ ತಣ್ಣಗಿರಲಿ" ಎನ್ನುತ್ತಾಳೆ. ನಾನು ಮಾಡಿದ್ದು ಅವಳಿಗೆ ಗೊತ್ತಿಲ್ಲ.

ಅಲ್ಲಿ ನಿಮ್ಮ ಪಟಮಟದಲ್ಲಿ ಯಾರ್‍ಯಾರಿಗೆ ಕಳುಹಿಸಿದ್ದೀರೋ ಅವರಿಗೆಲ್ಲ ಅದು ಸುಳ್ಳೆಂದು ಕೂಡಲೇ ತಿಳಿಸಿ. ಬಿಪಿ ಮಾತ್ರೆ ತಪ್ಪಿಸಬೇಡಿ.

ನಾಳೆ ಅವಳಿಗೆ ಎಲ್ಲ ಹೇಳಿ, ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗುತ್ತೇನೆ. ನನ್ನ ಹೆಸರು ಕೊಡುತ್ತೇನೆ. ನಿಮ್ಮದನ್ನು ಕೊಡುವುದಿಲ್ಲ, ಅದನ್ನು ನೀವೇ ಬಂದು ಕೊಡಬೇಕಪ್ಪ.

ನಿಮ್ಮ ಮಗಳು,
ಅಪೂರ್ವಾ