ಫೌಲ್ ಅಂದಾಕಿ ನಾನ

೧೪ ಜುಲೈ, ಸೋಮವಾರ. ಗಂಗಾವತಿ

ಯಂಕೇಶಣ್ಣ ಇವತ್ತೂ ಕೈ ಕುಲುಕಲಿಲ್ಲ. ಸ್ನೂಕರ್ ಆಟ ಮುಗದ ಮ್ಯಾಲ ಸೋತವರು ಗೆದ್ದವರು ಕೈ ಕುಲುಕೂದು ನಮ್ಮ ಕ್ಲಬ್ಬಿನ ರೂಢಿ. ಅಂವ ಎಲ್ಲಾರ ಕೈ ಕುಲುಕ್ತಾನ, ಅಲ್ಲಿ ಆಡೂ ಒಬ್ಬಾಕಿ ಹುಡುಗಿ ನನ್ನ ಬಿಟ್ಟು!

ನಾ ಗುರಿ ಹಿಡಿದಾಗ ಬೇಕಂತನ ಎದುರಿಗೆ ಬಂದು ನಿಂತು ಎಲಿ-ಅಡಿಕಿ ಮೆಲ್ಲತಿದ್ದ.

"ಬಾಜೂಕ ಸರೀರಿ ಅಣ್ಣಾ. ನೀವು ಸರಿಯೂತನಕ ನಾ ಹೊಡಿಯಂಗಿಲ್ಲ" ಅಂದೆ. ಎಲ್ಲಾರೂ ನಕ್ಕರು. ಕಾಯ್ದೆ. ಕಡೀಕ ಸರದ.

ಕರೀ ಬಾಲ್ ಒಂದ ಉಳದಿತ್ತು. ಬಗ್ಗಿದಾಗ ನನ್ನ ವೇಲಿನ ತುದಿ ಬಿಳಿ ಬಾಲಿಗೆ ತಾಗ್ತು. "ಫೌಲ್" ಅಂತ ನಾನ ಅಂದೆ. ಬಟ್ಟಿ ತಾಗಿದ್ರೂ ಫೌಲ್, ಕಡೀ ಬಾಲಿನಾಗ ಫೌಲ್ ಆದ್ರ ಆಟನ ಮುಗೀತು. ಅಲ್ಲಿಗೆ ಸೋತೆ.

"ಹುಚ್ಚಿ ಅದಿ ರಂಜಿತಾ. ಯಾರ ನೋಡಿದ್ರು?" ಅಂದ ಯಂಕೇಶಣ್ಣ.

"ನಾ ನೋಡೀನಲ್ರಿ" ಅಂದು ಕೈ ಚಾಚಿದೆ. ಅಂವ ತನ್ನ ಕೋಲು ಒರಸ್ಕೋತ ನಿಂತ.

ನಾಳೆ ವೇಲ್ ನಡಕ್ಕ ಬಿಗದು ಕಟ್ಕೊಂಡ ಹೋಗಾಕಿ. ಸೋಲಲಿ, ಗೆಲ್ಲಲಿ, ಇದ ಕೈ ಚಾಚಾಕಿ. ಅಂವ ಕುಲುಕೂತನಕ ಇಳಸಂಗಿಲ್ಲ.